ಗಾಳಿಯನ್ನು ಒತ್ತಿ ಅಳೆದ ರಾಬರ್ಟ್ ಬಾಯ್ಲ್

ಹೈಡ್ರೋಜನ್ ಇಂಧನದ ಬಗ್ಗೆ ಮಕ್ಕಳು ಕೇಳಿದರೆ ಪಾಠವನ್ನು ಎಲ್ಲಿಂದ ತೊಡಗಬೇಕು? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಶಾಲೆಗಳಿಗೆ ಅಭ್ಯಾಸ ಪಾಠಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳು ರಾಬರ್ಟ್ ಬಾಯ್ಲ್‌ನ ಬದುಕಿನಿಂದ ತೊಡಗಬಹುದು.

ಈತ ಹುಟ್ಟಿದ್ದು 1627ರ ಜನವರಿ 25ರಂದು, ಐರ್ಲೆಂಡಿನ ಲಿಸ್ಮೋರ್ ಕೋಟೆಯಲ್ಲಿ; ಭಾರಿ ಶ್ರೀಮಂತನೊಬ್ಬನ ಹದಿನಾಲ್ಕನೆಯ ಮಗು. ದುಡಿಯುವ ಅಗತ್ಯವಿರಲಿಲ್ಲ. ಆದರೂ ಆಕ್ಸ್‌ಫರ್ಡ್‌ನಲ್ಲಿ ನೆಲೆಸಿ ಪ್ರಯೋಗಕ್ಕೆ ಕುಳಿತ. ಸಹಾಯಕ ರಾಬರ್ಟ್ ಹುಕ್ ಕಟ್ಟಿಕೊಟ್ಟ ಗಾಳಿಪಂಪಿನಿಂದ ಮಾಡಿದ ಪ್ರಯೋಗಗಳನ್ನು 1660ರಲ್ಲಿ ಪ್ರಕಟಿಸಿದ. ಗಾಳಿಗೆ ಸ್ಪ್ರಿಂಗಿನಂಥ ಗುಣವಿದೆ ಎಂಬುದು ಅದರ ತಿರುಳು.

ಫ್ರಾನ್ಸಿಸ್ ಲೈನ್ ಎಂಬ ಪಾದ್ರಿ ಇದನ್ನು ಒಪ್ಪಲಿಲ್ಲ. ಕೊಳವೆಯಲ್ಲಿ ಪಾದರಸವನ್ನು ಹಿಡಿದು ನಿಲ್ಲಿಸುವುದು ಕಣ್ಣಿಗೆ ಕಾಣದ ಒಂದು ಎಳೆ ಎಂದು ವಾದಿಸಿದ. ಬಾಯ್ಲ್ ಅಳತೆಯಿಂದಲೇ ಉತ್ತರ ಕೊಟ್ಟ. ಒಂದು ತುದಿ ಮುಚ್ಚಿದ, ಬಾಗಿದ ಗಾಜಿನ ಕೊಳವೆಗೆ ಪಾದರಸ ಸುರಿಯುತ್ತ ಹೋದ. ಕೋಣೆಯಲ್ಲಿ ಹಿಡಿಸದಷ್ಟು ಉದ್ದದ ಕೊಳವೆ, ಮೆಟ್ಟಿಲಿನ ಬಳಿ ನಿಲ್ಲಿಸಬೇಕಾಯಿತು. ಒಂದು ಒಡೆದೂ ಹೋಯಿತು. ಪಾದರಸದ ಮಟ್ಟಗಳ ಅಂತರ ಸುಮಾರು 29 ಅಂಗುಲವಾದಾಗ 12 ಅಂಗುಲದಷ್ಟಿದ್ದ ಗಾಳಿ 6ಕ್ಕೆ ಇಳಿದಿತ್ತು. ಒತ್ತಡ ಇಮ್ಮಡಿ, ಗಾತ್ರ ಅರ್ಧ. 1662ರಲ್ಲಿ ಈ ಕೋಷ್ಟಕ ಅಚ್ಚಾಯಿತು. ಸಂಬಂಧವನ್ನು ಊಹಿಸಿದವನು ರಿಚರ್ಡ್ ಟೌನ್ಲಿ ಎಂದು ತಾನೇ ಬರೆದದ್ದು ಈತನ ದೊಡ್ಡತನ. (ನಮ್ಮ ತರಗತಿಗೆ ಪಾದರಸ ಬೇಡ, ಅದು ವಿಷ. ಬಾಯಿ ಮುಚ್ಚಿದ ಸೂಜಿಯಿಲ್ಲದ ಸಿರಿಂಜ್ ಸಾಕು.)

1671ರಲ್ಲಿ ಈತ ಇನ್ನೊಂದು ಸಂಗತಿ ದಾಖಲಿಸಿದ: ಕಬ್ಬಿಣದ ಅರಪುಡಿಗೆ ಆಮ್ಲ ಸುರಿದರೆ ಹೊತ್ತಿ ಉರಿಯುವ ಅನಿಲ ಬರುತ್ತದೆ. ಅದಕ್ಕೆ ಹೈಡ್ರೋಜನ್ ಎಂಬ ಹೆಸರು ಬಂದದ್ದು ಮುಂದಿನ ಶತಮಾನದಲ್ಲಿ.

ಈ ಎರಡು ಕೆಲಸಗಳೂ ಇಂದು ಹೈಡ್ರೋಜನ್ ಬಂಕಿನಲ್ಲಿ ಕೂಡುತ್ತವೆ. 1 ಕೆಜಿ ಹೈಡ್ರೋಜನ್ ಸಾಮಾನ್ಯ ಒತ್ತಡದಲ್ಲಿ 11,000 ಲೀಟರಿಗೂ ಹೆಚ್ಚು ಜಾಗ ಬೇಡುತ್ತದೆ. ಒತ್ತದೆ ಅದನ್ನು ಸಾಗಿಸುವುದು ಹೇಗೆ? ನಾವು ರಸ್ತೆಯಲ್ಲಿ ಕಾಣುವ ಸಿಎನ್‌ಜಿ ಆಟೋದ ಸಿಲಿಂಡರಿನಲ್ಲಿ ಒತ್ತಡ ಸುಮಾರು 200 ಬಾರ್. ಹೈಡ್ರೋಜನ್ ಕಾರಿನಲ್ಲಿ 700. ಬಾಯ್ಲ್ ನಿಯಮದಂತೆ ಆ ಒತ್ತಡದಲ್ಲಿ 1 ಕೆಜಿ ಸುಮಾರು 17 ಲೀಟರಿಗೆ ಇಳಿಯಬೇಕು. ನಿಜವಾಗಿ ಬೇಕಾಗುವುದು ಸುಮಾರು 25. ಅಣುಗಳ ಸ್ವಂತ ಗಾತ್ರವೇ ಅಡ್ಡ ಬರುತ್ತದೆ. ನಿಯಮ ಸೋಲುವ ಈ ಜಾಗವನ್ನು ಪಾಠದಲ್ಲಿ ಮರೆಮಾಚಬಾರದು ಎಂಬುದು ನನ್ನ ಅಭಿಪ್ರಾಯ. ಇನ್ನೊಂದು ತೊಡಕು ಬಿಸಿ. ಸೈಕಲ್ ಪಂಪಿನ ತುದಿ ಮುಟ್ಟಿದ ಮಕ್ಕಳಿಗೆ ಅದು ಗೊತ್ತು. ಆದ್ದರಿಂದಲೇ ಕಂಪ್ರೆಸರ್ ಹಂತಹಂತವಾಗಿ ಒತ್ತುತ್ತದೆ, ನಡುನಡುವೆ ತಣಿಸುತ್ತದೆ. ಅದಕ್ಕೆಲ್ಲ ವಿದ್ಯುತ್ ತೆರಬೇಕು.

ಮದುವೆಯಾಗದ ಬಾಯ್ಲ್ 1668ರಿಂದ ಲಂಡನ್ನಿನಲ್ಲಿ ಅಕ್ಕ ಕ್ಯಾಥರೀನಳ ಮನೆಯಲ್ಲಿದ್ದ. 1670ರಲ್ಲಿ ಲಕ್ವ ಹೊಡೆದರೂ ಚೇತರಿಸಿಕೊಂಡು ಪ್ರಯೋಗ ಮುಂದುವರಿಸಿದ. 1691ರ ಡಿಸೆಂಬರಿನಲ್ಲಿ ಅಕ್ಕ ತೀರಿಕೊಂಡಳು. ವಾರದಲ್ಲೇ ತಮ್ಮನೂ ಹೋದ.