ಗೊರಿಲ್ಲಾಗಳ ಜೊತೆ ಬಾಳಿದ ಡಯಾನ್ ಫಾಸಿ

ಈ ಸಲದ ಗೋಡೆ ಪತ್ರಿಕೆಗೆ ದೊಡ್ಡವರ ಜೀವನ ಚರಿತ್ರೆ ಬರೆಯಬೇಕು ಅಂತ ಮೇಷ್ಟ್ರು ಹೇಳಿದಾಗ ಎಲ್ಲರೂ ಗಾಂಧೀಜಿ, ಕಿತ್ತೂರು ಚೆನ್ನಮ್ಮ, ವಿಶ್ವೇಶ್ವರಯ್ಯ ಅಂತ ಹೆಸರು ಹಂಚಿಕೊಂಡುಬಿಟ್ಟರು. ನಾನು ಡಯಾನ್ ಫಾಸಿ ಅಂದೆ. ಅದ್ಯಾರು ಅಂತ ಹಿಂದಿನ ಬೆಂಚಿನವರು ನಕ್ಕರು. ಅವರೂ ಇದನ್ನು ಓದಲಿ.

ಡಯಾನ್ ಫಾಸಿಯವರು 1932ನೇ ಇಸವಿ ಜನವರಿ 16ರಂದು ಅಮೆರಿಕಾ ದೇಶದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಜನಿಸಿದರು. ಚಿಕ್ಕವರಿದ್ದಾಗಲೇ ತಂದೆ ತಾಯಿ ಬೇರೆಯಾದರು. ಓದು ಮುಗಿಸಿ, ಲೂಯಿವಿಲ್ ಎಂಬ ಊರಿನ ಆಸ್ಪತ್ರೆಯಲ್ಲಿ ಅಂಗವಿಕಲ ಮಕ್ಕಳಿಗೆ ಕೈಕಾಲು ಬಳಸುವುದನ್ನು ಕಲಿಸುವ ಕೆಲಸಕ್ಕೆ ಸೇರಿದರು. ಆಫ್ರಿಕಾ ನೋಡಬೇಕು ಅನ್ನೋದು ಅವರ ಆಸೆ. ಕೈಯಲ್ಲಿ ದುಡ್ಡಿರಲಿಲ್ಲ. 1963ರಲ್ಲಿ ಸಾಲ ಮಾಡಿಕೊಂಡೇ ಹೋದರು. ಅಲ್ಲಿ ಲೂಯಿ ಲೀಕಿ ಎಂಬ ವಿಜ್ಞಾನಿಯನ್ನು ನೋಡಲು ಹೋಗಿ ಕಾಲು ಉಳುಕಿಸಿಕೊಂಡರು. ಆ ಕಾಲಿನಲ್ಲೇ ಕಾಂಗೋ ದೇಶದ ಬೆಟ್ಟ ಹತ್ತಿ ಮೊದಲ ಸಲ ಗೊರಿಲ್ಲಾ ನೋಡಿದರು.

1966ರಲ್ಲಿ ಲೀಕಿಯವರು ಇವರನ್ನು ಗೊರಿಲ್ಲಾಗಳ ಅಧ್ಯಯನಕ್ಕೆ ಆರಿಸಿದರು. ಹೋಗುವ ಮುಂಚೆ ಅಪೆಂಡಿಕ್ಸ್ ತೆಗೆಸಿಕೊಳ್ಳಬೇಕು ಅಂತ ಹೇಳಿದರು. ಕಾಡಲ್ಲಿ ಡಾಕ್ಟರ್ ಎಲ್ಲಿ ಸಿಗ್ತಾರೆ? ಇವರು ನಿಜವಾಗ್ಲೂ ಆಪರೇಷನ್ ಮಾಡಿಸಿಕೊಂಡರು. ಆಮೇಲೆ ಲೀಕಿಯಿಂದ ಕಾಗದ ಬಂತು. ಅದೇನೂ ಬೇಕಿರಲಿಲ್ಲ, ಇವರ ಮನಸ್ಸು ಎಷ್ಟು ಗಟ್ಟಿ ಅಂತ ನೋಡಲು ಹೇಳಿದ್ದಂತೆ! ಇದನ್ನು ನಮ್ಮಮ್ಮನಿಗೆ ಹೇಳಿದೆ. ಅಮ್ಮ ಆ ಮನುಷ್ಯನಿಗೆ ಚೆನ್ನಾಗಿ ಬೈದರು.

1967ರ ಜನವರಿಯಲ್ಲಿ ಕಾಂಗೋದಲ್ಲಿ ಕೆಲಸ ಶುರುವಾಯಿತು. ಅಲ್ಲಿ ಗಲಭೆ ಎದ್ದು ಜುಲೈನಲ್ಲಿ ಸೈನಿಕರು ಇವರನ್ನು ಹಿಡಿದರು. ಹೇಗೋ ತಪ್ಪಿಸಿಕೊಂಡು ಉಗಾಂಡಾಕ್ಕೆ ಹೋದರು. ಬೇರೆಯವರಾಗಿದ್ದರೆ ಮನೆಗೆ ವಾಪಸ್ ಹೋಗ್ತಿದ್ದರು. ಇವರು ಅದೇ ವರ್ಷ ಸೆಪ್ಟೆಂಬರ್ 24ರಂದು ಪಕ್ಕದ ರುವಾಂಡಾ ದೇಶದಲ್ಲಿ ಕರಿಸಿಂಬಿ, ವಿಸೋಕೆ ಎಂಬ ಎರಡು ಬೆಟ್ಟಗಳ ನಡುವೆ ಡೇರೆ ಹಾಕಿದರು. ಎರಡೂ ಹೆಸರು ಸೇರಿಸಿ ಆ ಜಾಗಕ್ಕೆ ಕರಿಸೋಕೆ ಎಂದು ಹೆಸರಿಟ್ಟರು. ಅದು ಸುಮಾರು 3,000 ಮೀಟರ್ ಎತ್ತರ. ಬರೀ ಮಳೆ, ಮಂಜು, ಕೆಸರು, ತುರಚೆ ಗಿಡ.

ಗೊರಿಲ್ಲಾ ನೋಡಲು ಭಯಂಕರ, ಆದರೆ ಸೊಪ್ಪು, ದಂಟು ತಿಂದು ಬದುಕುತ್ತೆ. ಮೊದಮೊದಲು ಇವರನ್ನು ಕಂಡರೆ ಓಡಿ ಹೋಗ್ತಿದ್ದವು. ಆಗ ಇವರೂ ಅವುಗಳ ಥರ ಕೈಮಡಚಿ ನೆಲಕ್ಕೆ ಊರಿ ನಡೆದರು, ಮೈ ಕೆರೆದುಕೊಂಡರು, ದಂಟು ಅಗಿಯುವ ನಾಟಕ ಮಾಡಿದರು, ಅವುಗಳ ಹಾಗೇ ಸದ್ದು ಮಾಡಿದರು. ಒಂದೊಂದರ ಮೂಗಿನ ಮೇಲಿನ ಗೆರೆ ಒಂದೊಂದು ಥರ. ಅದನ್ನು ಬರೆದಿಟ್ಟುಕೊಂಡು ಗುರುತು ಹಿಡಿದು ಹೆಸರಿಟ್ಟರು. 1970ರಲ್ಲಿ ಪೀನಟ್ಸ್ ಎಂಬ ಗೊರಿಲ್ಲಾ ತಾನಾಗಿಯೇ ಬಂದು ಅವರ ಕೈ ಮುಟ್ಟಿತು.

ಅದಕ್ಕೂ ಮುಂಚೆ, 1969ರಲ್ಲಿ, ಜರ್ಮನಿಯ ಕಲೋನ್ ಮೃಗಾಲಯಕ್ಕೆ ಕಳಿಸೋಕೆ ಅಂತ ಎರಡು ಮರಿಗಳನ್ನು ಹಿಡಿದಿದ್ದರು. ಗೊರಿಲ್ಲಾ ಗುಂಪಿನ ದೊಡ್ಡವು ಮರಿಯನ್ನು ಬಿಟ್ಟು ಓಡುವುದಿಲ್ಲ, ಸಾಯೋವರೆಗೂ ಅಡ್ಡ ನಿಲ್ಲುತ್ತವೆ. ಒಂದು ಮರಿಗಾಗಿ ಹತ್ತು, ಇನ್ನೊಂದಕ್ಕಾಗಿ ಎಂಟು ಗೊರಿಲ್ಲಾ ಸತ್ತವು ಎಂದು ಫಾಸಿಯವರಿಗೆ ತಿಳಿಯಿತು. ಮರಿಗಳಿಗೆ ಕೋಕೋ, ಪಕರ್ ಎಂದು ಹೆಸರಿಟ್ಟರು. ಎರಡೂ ಸಾಯೋ ಸ್ಥಿತಿಯಲ್ಲಿದ್ದವು. ತಮ್ಮ ಮನೆಯ ಒಂದು ಕೋಣೆಯೊಳಗೆ ಗಿಡ, ಸೊಪ್ಪು ತುಂಬಿಸಿ ಕಾಡಿನ ಹಾಗೆ ಮಾಡಿದರು. ಹಾಲು ಕುಡಿಸಿ, ಔಷಧಿ ಕೊಟ್ಟು ಉಳಿಸಿದರು. ಕಿಟಕಿಯಿಂದ ಬೆಟ್ಟದ ಕಾಡನ್ನು ನೋಡಿ ಕೋಕೋ ಕಣ್ಣೀರು ಹಾಕಿ ಅತ್ತಿತಂತೆ.

ಇಲ್ಲಿ ನನ್ನದೊಂದು ಮಾತು ಬರೀಬೇಕು. ಹೋದ ಮಳೆಗಾಲದಲ್ಲಿ ನಮ್ಮ ತೋಟದ ಹತ್ತಿರ ಕರೆಂಟ್ ಹೊಡೆದು ಕೋತಿಯೊಂದು ಸತ್ತಿತ್ತು. ಅದರ ಹೊಟ್ಟೆಗೆ ಮರಿ ಅಂಟಿಕೊಂಡಿತ್ತು. ಉಳಿದ ಕೋತಿಗಳು ಹಲಸಿನ ಮರದ ಮೇಲೆ ಕೂತು ಕಿರುಚುತ್ತಿದ್ದವು. ನಾವು ಕಲ್ಲು ಹೊಡೆದು ಅವನ್ನು ಓಡಿಸಿ ಮರಿ ಕಿತ್ತುಕೊಂಡು ಬಂದೆವು. ಕೊಟ್ಟಿಗೆಯಲ್ಲಿ ಹಗ್ಗ ಕಟ್ಟಿ ಬಿಸ್ಕತ್ತು ಕೊಟ್ಟೆವು. ನಾಲ್ಕನೇ ದಿನ ಅದು ಸತ್ತುಹೋಯಿತು. ಕಲ್ಲು ಹೊಡೆದವರಲ್ಲಿ ನಾನೂ ಒಬ್ಬ.

ಕೋಕೋ, ಪಕರ್ ಚೇತರಿಸಿಕೊಂಡವು. ಅವನ್ನು ಕಾಡಿಗೇ ಬಿಡಬೇಕು ಅಂತ ಫಾಸಿಯವರು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಕಲೋನಿಗೆ ಕಳಿಸಿಬಿಟ್ಟರು. 1978ರಲ್ಲಿ ಎರಡೂ ಅಲ್ಲೇ ಸತ್ತವು.

ಅವರಿಗೆ ಬಹಳ ಇಷ್ಟವಾದ ಗೊರಿಲ್ಲಾ ಡಿಜಿಟ್. ಅದರ ಬೆರಳು ಊನವಾಗಿತ್ತು, ಅದಕ್ಕೇ ಆ ಹೆಸರು. 1977ರ ಡಿಸೆಂಬರ್ 31ರಂದು ಕಳ್ಳಬೇಟೆಯವರು ನಾಯಿ ಸಮೇತ ಬಂದಾಗ ಡಿಜಿಟ್ ಒಬ್ಬನೇ ನಿಂತು ಹೋರಾಡಿ ತನ್ನ ಗುಂಪನ್ನು ಪಾರು ಮಾಡಿತು. ಅದರ ತಲೆ ಮತ್ತು ಕೈಗಳನ್ನು ಕಡಿದುಕೊಂಡು ಹೋಗಿದ್ದರು. ಆಮೇಲೆ ಫಾಸಿಯವರು ಡಿಜಿಟ್ ಹೆಸರಿನಲ್ಲಿ ನಿಧಿ ಕೂಡಿಸಿ ಕಾವಲಿನವರನ್ನು ನೇಮಿಸಿದರು. ಜಿಂಕೆಗೆ ಅಂತ ಒಡ್ಡಿದ ಉರುಲಿಗೆ ಗೊರಿಲ್ಲಾಗಳೂ ಸಿಕ್ಕಿಬೀಳ್ತಿದ್ದವು, ಅವನ್ನೆಲ್ಲ ಕಿತ್ತು ಹಾಕಿಸಿದರು. ನಮ್ಮ ಕಡೆ ಹಂದಿಗೆ ಒಡ್ಡುತ್ತಾರಲ್ಲ, ಅಂಥವೇ. ಅವರು ಕೋಪಿಷ್ಠೆಯೂ ಆಗಿದ್ದರು. ಸಿಕ್ಕ ಬೇಟೆಗಾರರನ್ನು ಹೊಡೆಸಿದ್ದುಂಟು, ಒಮ್ಮೆ ಒಬ್ಬನ ಮಗುವನ್ನೇ ಹಿಡಿದಿಟ್ಟುಕೊಂಡಿದ್ದರು. ಅದು ನನಗೆ ಸರಿ ಕಾಣಲಿಲ್ಲ. ಮಗು ಏನು ಮಾಡಿತ್ತು?

1980ರ ಜನವರಿ 1ರಂದು ಮಾರಾಟಕ್ಕೆ ತಂದಿದ್ದ ಸುಮಾರು 3 ವರ್ಷದ ಹೆಣ್ಣು ಮರಿಯೊಂದು ಇವರ ಕೈಗೆ ಬಂತು. ಬಾನ್ ಆನೆ ಅಂತ ಹೆಸರಿಟ್ಟರು. ಆನೆ ಅಲ್ಲ, ಫ್ರೆಂಚ್ ಭಾಷೆಯಲ್ಲಿ ಹೊಸ ವರ್ಷದ ಶುಭಾಶಯ ಅಂತ! ಗುಣವಾದ ಮೇಲೆ ಒಂದು ಗುಂಪಿಗೆ ಸೇರಿಸಲು ಹೋದರೆ ಆ ಗುಂಪಿನವು ಹೊಡೆದು ಎಳೆದಾಡಿದವು. ಹೇಗೋ ಬಿಡಿಸಿಕೊಂಡು ಬಂದು, ಗಂಡುಗಳೇ ಉಳಿದಿದ್ದ ಡಿಜಿಟ್‌ನ ಹಳೆಯ ಗುಂಪಿನ ಹತ್ತಿರ ಬಿಟ್ಟರು. ಅವು ಸೇರಿಸಿಕೊಂಡವು. ಸುಮಾರು ಒಂದು ವರ್ಷ ಅದು ಕಾಡಿನಲ್ಲಿ ತನ್ನವರ ಜೊತೆ ಆಡಿಕೊಂಡಿತ್ತು. ಆಮೇಲೆ ನ್ಯುಮೋನಿಯಾ ಬಂದು ತೀರಿಕೊಂಡಿತು. ಆದರೂ ಹಗ್ಗದಲ್ಲಿ ಸಾಯಲಿಲ್ಲ.

1983ರಲ್ಲಿ ಫಾಸಿಯವರ ಪುಸ್ತಕ ಬಂತು. 1985ರ ಡಿಸೆಂಬರ್ 26ರ ರಾತ್ರಿ ಯಾರೋ ಅವರ ಮನೆಗೆ ನುಗ್ಗಿ ಮಚ್ಚಿನಿಂದ ಕಡಿದು ಕೊಂದರು. ಅವರಿಗೆ 53 ವರ್ಷ. ಗೊರಿಲ್ಲಾಗಳಿಗೆ ಅಂತ ತಾವೇ ಮಾಡಿದ್ದ ಸ್ಮಶಾನದಲ್ಲಿ ಡಿಜಿಟ್ ಪಕ್ಕದಲ್ಲೇ ಅವರನ್ನು ಮಣ್ಣು ಮಾಡಿದರು.

ಆ ಬೆಟ್ಟಸಾಲಿನಲ್ಲಿ 1981ರಲ್ಲಿ ಎಣಿಸಿದಾಗ ಗೊರಿಲ್ಲಾಗಳು ಸುಮಾರು 250 ಇದ್ದವು. 2015-16ರಲ್ಲಿ ಎಣಿಸಿದಾಗ 604.

ಪಕ್ಕದಲ್ಲಿ ಬಿಡಿಸಿರೋದು ಬಾನ್ ಆನೆ. ಸ್ವಲ್ಪ ಕರಡಿ ಥರ ಆಗಿದೆ, ನಗಬೇಡಿ.

7ನೇ ತರಗತಿ