ಡಿ. ಎಂ. ನಂಜುಂಡಪ್ಪ

ಡಾ. ಡಿ. ಎಂ. ನಂಜುಂಡಪ್ಪ (1929–2005) ಕರ್ನಾಟಕದ ಅರ್ಥಶಾಸ್ತ್ರಜ್ಞರು, ಶಿಕ್ಷಣ ತಜ್ಞರು ಮತ್ತು ಯೋಜನಾ ತಜ್ಞರು. ರಾಜ್ಯದ ಪ್ರಾದೇಶಿಕ ಅಸಮತೋಲನ ನಿವಾರಣೆಗಾಗಿ ರಚನೆಯಾದ ಉನ್ನತಾಧಿಕಾರ ಸಮಿತಿಯ ಅಧ್ಯಕ್ಷರಾಗಿ ಇವರು ಪ್ರಸಿದ್ಧರು. ಆ ಸಮಿತಿಯ ವರದಿಯು ಜನಬಳಕೆಯಲ್ಲಿ 'ನಂಜುಂಡಪ್ಪ ವರದಿ' ಎಂದೇ ಪರಿಚಿತವಾಗಿದೆ.

ವೃತ್ತಿಜೀವನ

ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ನಂಜುಂಡಪ್ಪನವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹಾಗೂ ಬೆಂಗಳೂರು ವಿಶ್ವವಿದ್ಯಾಲಯಗಳ ಕುಲಪತಿಗಳಾಗಿ ಸೇವೆ ಸಲ್ಲಿಸಿದರು. ರಾಜ್ಯ ಸರ್ಕಾರದ ಆರ್ಥಿಕ ಸಲಹೆಗಾರರಾಗಿ ಮತ್ತು ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರಾಗಿಯೂ ಕಾರ್ಯನಿರ್ವಹಿಸಿದರು.

ಸಮಿತಿಯ ಹಿನ್ನೆಲೆ

ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳು 1956ರಲ್ಲಿ ಮೈಸೂರು ರಾಜ್ಯದಲ್ಲಿ ವಿಲೀನಗೊಂಡಾಗ ಶಿಕ್ಷಣ, ನೀರಾವರಿ ಮತ್ತು ರಸ್ತೆಗಳಲ್ಲಿ ಹಿಂದುಳಿದಿದ್ದವು. ಜೇವರ್ಗಿಯ ಶಾಸಕರಾಗಿದ್ದ ಎನ್. ಧರಂ ಸಿಂಗ್ ನೇತೃತ್ವದ ಸಮಿತಿಯು ಈ ಭಾಗದ ಸ್ಥಿತಿಯನ್ನು ಮೊದಲೇ ಅಧ್ಯಯನ ಮಾಡಿತ್ತು. ಅದರ ನಂತರ ಹೈದರಾಬಾದ್ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಸ್ಥಾಪನೆಯಾಯಿತು. ಆದರೂ ಅಂತರ ಉಳಿದುದರಿಂದ ಎಸ್. ಎಂ. ಕೃಷ್ಣ ಅವರ ಸರ್ಕಾರವು 2000ದಲ್ಲಿ ನಂಜುಂಡಪ್ಪನವರ ಸಮಿತಿಯನ್ನು ನೇಮಿಸಿತು. ಸಮಿತಿಯು 2002ರಲ್ಲಿ ಅಂತಿಮ ವರದಿ ಸಲ್ಲಿಸಿತು.

ವರದಿಯ ವಿಧಾನ

ಜಿಲ್ಲೆಯ ಸರಾಸರಿಯು ಅದರೊಳಗಿನ ಬಡ ತಾಲೂಕುಗಳನ್ನು ಮರೆಮಾಚುತ್ತದೆ. ಆದ್ದರಿಂದ ಸಮಿತಿಯು ತಾಲೂಕನ್ನೇ ಅಳತೆಯ ಘಟಕವಾಗಿ ಆರಿಸಿಕೊಂಡಿತು. ಕೃಷಿ, ಕೈಗಾರಿಕೆ, ಮೂಲಸೌಕರ್ಯ, ಶಿಕ್ಷಣ, ಆರೋಗ್ಯ ಮುಂತಾದವುಗಳಿಗೆ ಸಂಬಂಧಿಸಿದ 35 ಸೂಚಕಗಳಿಂದ ಪ್ರತಿ ತಾಲೂಕಿಗೂ ಸಂಯುಕ್ತ ಸೂಚ್ಯಂಕ ರೂಪಿಸಲಾಯಿತು. ರಾಜ್ಯದ ಸರಾಸರಿಯನ್ನು 1 ಎಂದು ಇರಿಸಿಕೊಂಡು, ಅಂದಿನ 175 ತಾಲೂಕುಗಳಲ್ಲಿ 114 ಹಿಂದುಳಿದವು ಎಂದು ಗುರುತಿಸಲಾಯಿತು. ಇವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು ಮತ್ತು 35 ಹಿಂದುಳಿದವು.

ಅತ್ಯಂತ ಹಿಂದುಳಿದ 39ರಲ್ಲಿ 21 ತಾಲೂಕುಗಳು ಗುಲಬರ್ಗಾ (ಇಂದಿನ ಕಲಬುರಗಿ) ವಿಭಾಗಕ್ಕೆ ಸೇರಿದ್ದವು. ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳು ಈ ಪಟ್ಟಿಯಲ್ಲಿದ್ದವು. ಅಫಜಲಪುರ ಮತ್ತು ಜೇವರ್ಗಿಗಳಲ್ಲಿ ಭೀಮಾ ನದಿ ಹರಿದರೂ ಈ ಭಾಗದ ತೊಗರಿ, ಜೋಳದ ಬೇಸಾಯವು ಬಹುಮಟ್ಟಿಗೆ ಮಳೆಯನ್ನೇ ನಂಬಿದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೂಲಿ ಕುಟುಂಬಗಳು ಮುಂಬಯಿ, ಪುಣೆ, ಬೆಂಗಳೂರುಗಳಿಗೆ ಗುಳೆ ಹೋಗುವುದು ಸಾಮಾನ್ಯ.

ಶಿಫಾರಸುಗಳು

ಸಮಿತಿಯು ಎಂಟು ವರ್ಷಗಳ ವಿಶೇಷ ಅಭಿವೃದ್ಧಿ ಯೋಜನೆಗೆ 31,000 ಕೋಟಿ ರೂಪಾಯಿಗಳನ್ನು ಸೂಚಿಸಿತು. ಇದರಲ್ಲಿ 16,000 ಕೋಟಿ ರೂಪಾಯಿ ಸಾಮಾನ್ಯ ಆಯವ್ಯಯಕ್ಕೆ ಹೊರತಾದ ಹೆಚ್ಚುವರಿ ಹಣವಾಗಿತ್ತು. ಅದರ ಶೇ. 60 ಭಾಗ ಉತ್ತರ ಕರ್ನಾಟಕಕ್ಕೆ, ಶೇ. 40 ದಕ್ಷಿಣ ಕರ್ನಾಟಕಕ್ಕೆ ಮೀಸಲಾಗಿತ್ತು. ಹಿಂದುಳಿದ ತಾಲೂಕುಗಳು ತಾವಾಗಿಯೇ ಮುಂದುವರಿದ ತಾಲೂಕುಗಳ ಸಮಕ್ಕೆ ಬರಲಾರವು, ಸರ್ಕಾರದ ಹೂಡಿಕೆ ಅನಿವಾರ್ಯ ಎಂಬುದು ವರದಿಯ ಆಧಾರವಾಗಿತ್ತು.

ಅನುಷ್ಠಾನ ಮತ್ತು ವಿಮರ್ಶೆ

ವಿಶೇಷ ಅಭಿವೃದ್ಧಿ ಯೋಜನೆ 2007–08ರಲ್ಲಿ ಆರಂಭವಾಯಿತು. ಹಂಚಿಕೆಯಾದ ಹಣ ಪೂರ್ಣವಾಗಿ ಬಿಡುಗಡೆಯಾಗಲಿಲ್ಲ, ಬಿಡುಗಡೆಯಾದುದೂ ಸಕಾಲದಲ್ಲಿ ವೆಚ್ಚವಾಗಲಿಲ್ಲ ಎಂಬ ಟೀಕೆ ವ್ಯಾಪಕವಾಗಿದೆ. ಹೀಗಾಗಿ ಚರ್ಚೆಯು ನೆರವು ಬೇಕೇ ಎಂಬುದಕ್ಕಿಂತ ಅದು ತಾಲೂಕನ್ನು ತಲುಪುವ ಬಗೆ ಹೇಗೆ ಎಂಬುದರತ್ತ ಹೊರಳಿತು. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲೂಕಿನ ಕಡಗಂಚಿಯಲ್ಲಿದೆ. ಸಂವಿಧಾನದ 371(ಜೆ) ವಿಧಿಯು 2013ರಿಂದ ಈ ಭಾಗಕ್ಕೆ ಶಿಕ್ಷಣ ಹಾಗೂ ಉದ್ಯೋಗದಲ್ಲಿ ಮೀಸಲಾತಿಯನ್ನೂ ಪ್ರತ್ಯೇಕ ಅಭಿವೃದ್ಧಿ ಮಂಡಳಿಯನ್ನೂ ಒದಗಿಸಿತು.

ನಿಧನ ಮತ್ತು ಪ್ರಭಾವ

ತಮ್ಮ ಶಿಫಾರಸುಗಳು ಯೋಜನೆಯಾಗಿ ಜಾರಿಗೆ ಬರುವ ಮುನ್ನವೇ, 2005ರಲ್ಲಿ ನಂಜುಂಡಪ್ಪನವರು ನಿಧನರಾದರು. ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಧ್ಯಯನ ಮಾಡಲು ರಾಜ್ಯ ಸರ್ಕಾರವು 2024ರಲ್ಲಿ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿಯನ್ನು ರಚಿಸಿತು.