ಮೂವತ್ತು ವರ್ಷ ಪರಮಪ್ರಸಾದವಿಲ್ಲದೆ

ಚೀನಾದ ಸಂತ ಮಾರ್ಕ್ ಜೀ ತ್ಯಾನ್‌ಶಿಯಾಂಗ್ ಅವರು ಅಫೀಮಿನ ಚಟ ಬಿಡಲಾಗದೆಯೇ ಸತ್ತವರು. ಸಂತರ ವಿಷಯದಲ್ಲಿ ಇಂಥ ಮಾತು ಕೇಳಿದರೆ ನಮ್ಮಲ್ಲಿ ಹಲವರಿಗೆ ಕಸಿವಿಸಿಯಾದೀತು. ಮಗನೋ ಗಂಡನೋ ವ್ಯಸನಮುಕ್ತಿ ಕೇಂದ್ರದಿಂದ ಮರಳಿ, ಮೂರೇ ತಿಂಗಳಲ್ಲಿ ಮತ್ತೆ ಹಳೆಯ ದಾರಿ ಹಿಡಿದದ್ದನ್ನು ಕಂಡ ಮನೆಯವರಿಗೆ ಮಾತ್ರ ಅಷ್ಟು ಅಚ್ಚರಿಯಾಗಲಾರದು.

ಉತ್ತರ ಚೀನಾದ ಜೀಝೌ ಎಂಬಲ್ಲಿ 1834ರಲ್ಲಿ ಅವರು ಹುಟ್ಟಿದರು. ಕಥೋಲಿಕ ಮನೆತನ, ವೃತ್ತಿಯಲ್ಲಿ ವೈದ್ಯರು. ಬಡರೋಗಿಗಳಿಂದ ಹಣ ಪಡೆಯುತ್ತಿರಲಿಲ್ಲ. ಊರಿನ ಕ್ರೈಸ್ತರಿಗೆಲ್ಲ ಹಿರಿಯರಂತಿದ್ದರು. ಇಂಥವರಿಗೆ ಹೊಟ್ಟೆಯ ಕಾಯಿಲೆ ಬಂತು. ಆ ಕಾಲದಲ್ಲಿ ನೋವಿಗೆ ಅಫೀಮು ಸಾಮಾನ್ಯ ಔಷಧ, ಅದನ್ನೇ ಸೇವಿಸಿದರು. ಕಾಯಿಲೆಗೆಂದು ಹಿಡಿದದ್ದು ಚಟವಾಗಿ ಅಂಟಿತು.

ಬಿಡಲು ಹೆಣಗಿದರು, ಸೋತರು. ಪಾಪನಿವೇದನೆಗೆ ಹೋದರು, ಮತ್ತೆ ಬಿದ್ದರು, ಮತ್ತೆ ಹೋದರು. ಪ್ರತಿಸಲವೂ ಅದೇ ಪಾಪ. ಕೊನೆಗೆ ಗುರುಗಳು, ಇವರಿಗೆ ನಿಜವಾದ ಪಶ್ಚಾತ್ತಾಪವಿಲ್ಲವೆಂದು ಬಗೆದು, ಚಟ ಬಿಟ್ಟ ಮೇಲೆಯೇ ಬರುವಂತೆ ಹೇಳಿಬಿಟ್ಟರು. ಆ ಗುರುಗಳನ್ನು ದೂರಿ ಫಲವಿಲ್ಲ. ವ್ಯಸನವೂ ಒಂದು ರೋಗವೆಂಬ ತಿಳಿವಳಿಕೆ ಆಗ ಸಾಮಾನ್ಯವಾಗಿರಲಿಲ್ಲ.

ಈಗ ನಮಗೆ ಗೊತ್ತಿದೆ. ಅಫೀಮು ಬಿಟ್ಟೊಡನೆ ಬರುವ ಮೈನೋವು, ಭೇದಿ, ಬೆವರು ಕೆಲವು ದಿನಗಳಲ್ಲಿ ತಗ್ಗುತ್ತವೆ. ಆದರೆ ನಿದ್ರೆ ಬಾರದಿರುವುದು, ಮನಸ್ಸು ಕುಗ್ಗುವುದು, ಒಳಗಿನ ಸೆಳೆತ ತಿಂಗಳುಗಟ್ಟಲೆ ಕಾಡಬಹುದು. ಅವಮಾನ, ಒಂಟಿತನಗಳು ಸೇರಿದರೆ ಮತ್ತೆ ಬೀಳುವುದು ಸುಲಭ. ಅಮೆರಿಕದ ರಾಷ್ಟ್ರೀಯ ಮಾದಕವಸ್ತು ಸಂಶೋಧನಾ ಸಂಸ್ಥೆಯ ಲೆಕ್ಕದಂತೆ, ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 40ರಿಂದ 60 ಮಂದಿ ಮತ್ತೆ ಚಟಕ್ಕೆ ಬೀಳುತ್ತಾರೆ. ರಕ್ತದೊತ್ತಡ, ಆಸ್ತಮಾ ಮರುಕಳಿಸುವುದೂ ಹೆಚ್ಚುಕಡಿಮೆ ಇಷ್ಟೇ. ಅಫೀಮಿನ ಜಾತಿಯ ವ್ಯಸನಗಳಿಗೆ ಈಗ ಮೆಥಡೋನ್, ಬ್ಯುಪ್ರೆನಾರ್ಫಿನ್ ಎಂಬ ಔಷಧಗಳಿವೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಅವನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಇನ್ನೊಂದು ಮಾತು: ಬಿಟ್ಟು ಕೆಲಕಾಲವಾದವನ ಮೈ ಹಳೆಯ ಪ್ರಮಾಣವನ್ನು ತಾಳದು. ಮತ್ತೆ ಅಷ್ಟೇ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಬಿದ್ದವನನ್ನು ಮನೆಯಿಂದ ಹೊರಗೆ ಹಾಕುವ ಹೊತ್ತಲ್ಲ ಅದು.

ಮಾರ್ಕ್ ಜೀ ಅವರಿಗೆ ಔಷಧವೂ ಇರಲಿಲ್ಲ, ಪಾಪಕ್ಷಮೆಯೂ ಇರಲಿಲ್ಲ. ಹಾಗಿದ್ದೂ ಅವರು ದೇವಾಲಯಕ್ಕೆ ಹೋಗುವುದನ್ನು ಬಿಡಲಿಲ್ಲ. ಪರಮಪ್ರಸಾದ ಸ್ವೀಕರಿಸಲಾಗದೆ, ಊರವರ ಕಣ್ಣೆದುರಿಗೆ, ಸುಮಾರು ಮೂವತ್ತು ವರ್ಷ! ಇದರಲ್ಲಿ ಒಂದು ತಿಂಗಳನ್ನಾದರೂ ನಾವು ತಡೆದುಕೊಂಡೇವೆ?

1900ರಲ್ಲಿ ಬಾಕ್ಸರ್ ದಂಗೆಕೋರರು ಕ್ರೈಸ್ತರನ್ನು ಬೇಟೆಯಾಡತೊಡಗಿದರು. ಮಗ, ಇಬ್ಬರು ಸೊಸೆಯರು, ಆರು ಮೊಮ್ಮಕ್ಕಳೊಡನೆ ಅವರೂ ಸೆರೆಯಾದರು. ವಿಶ್ವಾಸ ತೊರೆದಿದ್ದರೆ ಬದುಕಬಹುದಿತ್ತು. ತೊರೆಯಲಿಲ್ಲ. ಮನೆಯವರಲ್ಲಿ ಯಾರೂ ಒಂಟಿಯಾಗಿ ಸಾಯಬಾರದೆಂದು, ತಮ್ಮನ್ನು ಕಡೆಯಲ್ಲಿ ಕೊಲ್ಲುವಂತೆ ಬೇಡಿಕೊಂಡರೆಂದು ಅವರ ಚರಿತ್ರೆ ಹೇಳುತ್ತದೆ. ಜುಲೈ 7ರಂದು ಒಬ್ಬೊಬ್ಬರ ಪಕ್ಕದಲ್ಲೂ ನಿಂತು, ಮಾತೆ ಮರಿಯಮ್ಮನವರ ಮನವಿಮಾಲೆ ಹಾಡುತ್ತ, ಕೊನೆಯವರಾಗಿ ತಾವೂ ತಲೆಯೊಡ್ಡಿದರು. 2000ದ ಅಕ್ಟೋಬರ್ 1ರಂದು ಜಗದ್ಗುರು ಎರಡನೆಯ ಜಾನ್ ಪಾಲರು ಚೀನಾದ 120 ರಕ್ತಸಾಕ್ಷಿಗಳನ್ನು ಸಂತರೆಂದು ಘೋಷಿಸಿದಾಗ ಅವರಲ್ಲಿ ಮಾರ್ಕ್ ಜೀ ಅವರೂ ಒಬ್ಬರಾಗಿದ್ದರು.